ಮನೆಯಲ್ಲಿ ಕಟ್ಟಿದ ಹಳೆಯ ವಿಮಾನಕ್ಕೆ ಹೊಸ ಬ್ರೇಕ್

ಅಮೆರಿಕದಲ್ಲಿ ಸಾಮಾನ್ಯ ಜನರು ತಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ವಿಮಾನ ಕಟ್ಟುತ್ತಾರೆ ಎಂದು ನಾನು ಹೇಳಿದಾಗ ನಮ್ಮ ತರಗತಿಯಲ್ಲಿ ಯಾರೂ ನಂಬಲಿಲ್ಲ. ಆಟಿಕೆ ವಿಮಾನವಲ್ಲ. ಇಬ್ಬರು ಒಳಗೆ ಕುಳಿತು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಹಾರಬಹುದಾದ ನಿಜವಾದ ವಿಮಾನ. ಅಂಥ ವಿಮಾನ ಹಳೆಯದಾದ ಮೇಲೆ ಅದರ ಬ್ರೇಕಿನ ಭಾಗಗಳನ್ನು ಹೇಗೆ ಬದಲಾಯಿಸುತ್ತಾರೆ ಎಂಬುದು ಈ ಲೇಖನದ ವಿಷಯ.

"ಕಾಮರ್ಸ್ ಹುಡುಗನಿಗೆ ವಿಮಾನದ ಬ್ರೇಕ್ ಯಾಕಪ್ಪಾ?" ಎಂದು ಕನ್ನಡ ಸರ್ ಕೇಳಿದರು. ನಮ್ಮ ಚಾಚಾ ಊರಿನ ಆಟೋನಗರದಲ್ಲಿ ಲಾರಿ, ಟೆಂಪೋಗಳಿಗೆ ಬ್ರೇಕ್ ಲೈನರ್ ಹೊಡೆಯುವ ಅಂಗಡಿ ಇಟ್ಟಿದ್ದಾರೆ. ರಜೆ ಬಂದರೆ ಅಲ್ಲಿ ಬಿಲ್ಲು ಬರೆಯುವುದು, ಸ್ಟಾಕ್ ಎಣಿಸುವುದು ನನ್ನ ಕೆಲಸ. ಸವೆದ ಲೈನರಿನ ರಿವೆಟ್ ತೆಗೆದು, ಹೊಸ ಲೈನರ್ ಕೂರಿಸಿ, ಮತ್ತೆ ರಿವೆಟ್ ಹೊಡೆಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಒಂದು ದಿನ ವಿಡಿಯೋದಲ್ಲಿ ಅಮೆರಿಕದ ಒಬ್ಬರು ತಮ್ಮ ವಿಮಾನದ ಬ್ರೇಕಿಗೆ ಥೇಟ್ ಹಾಗೆಯೇ ರಿವೆಟ್ ಹೊಡೆಯುತ್ತಿದ್ದರು. ಚಾಚಾಗೆ ತೋರಿಸಿದೆ. "ಇದು ನಮ್ಮದೇ ಕೆಲಸ ಅಲ್ವಾ!" ಎಂದು ಅವರು ಕೈಯಲ್ಲಿದ್ದ ಚಹಾ ಮರೆತು ನೋಡಿದರು. ಅಂದಿನಿಂದ ಬ್ರೇಕ್ ತಯಾರಕರ ನಿರ್ವಹಣಾ ಕೈಪಿಡಿಯನ್ನೂ ವಿಮಾನ ಕಟ್ಟುವವರ ವಿಡಿಯೋಗಳನ್ನೂ ಬಿಡುವಿದ್ದಾಗ ನೋಡುತ್ತಾ ಬಂದಿದ್ದೇನೆ. ವಿಮಾನವನ್ನು ನಾನು ಕೈಯಿಂದ ಮುಟ್ಟಿದವನಲ್ಲ. ರಿವೆಟ್ ಮಾತ್ರ ಚಾಚಾ ಪಕ್ಕದಲ್ಲಿ ನಿಂತು ಕಲಿತದ್ದು.

ಮೊದಲು ಈ ಮನೆಯಲ್ಲಿ ಕಟ್ಟುವ ವಿಮಾನಗಳ ಹಿನ್ನೆಲೆ. 1953ರಲ್ಲಿ ಪಾಲ್ ಪೊಬೆರೆಜ್ನಿ ಎಂಬವರು ವಿಸ್ಕಾನ್ಸಿನ್ ರಾಜ್ಯದಲ್ಲಿ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ಎಂಬ ಸಂಘವನ್ನು ಸ್ಥಾಪಿಸಿದರು. ಎಲ್ಲರೂ ಇ.ಎ.ಎ. ಎನ್ನುತ್ತಾರೆ. ಅದೇ ರಾಜ್ಯದ ಆಷ್‌ಕಾಶ್ ಎಂಬ ಊರಿನಲ್ಲಿ ಪ್ರತಿವರ್ಷ ಜುಲೈ ಕೊನೆಯಲ್ಲಿ ಈ ಸಂಘದ ದೊಡ್ಡ ವಿಮಾನ ಜಾತ್ರೆ ನಡೆಯುತ್ತದೆ. ಅಲ್ಲಿನ ಕಾನೂನಿನ ಪ್ರಕಾರ ಒಂದು ವಿಮಾನದ ಹೆಚ್ಚಿನ ಭಾಗವನ್ನು ಕಲಿಕೆಗಾಗಿಯೋ ಹವ್ಯಾಸಕ್ಕಾಗಿಯೋ ತಾವೇ ಕಟ್ಟಿದ್ದರೆ ಅದಕ್ಕೆ ಪ್ರತ್ಯೇಕ ವರ್ಗದಲ್ಲಿ ಪರವಾನಗಿ ಸಿಗುತ್ತದೆ. ಜನರ ಬಾಯಲ್ಲಿ ಇದು 51 ಪ್ರತಿಶತ ನಿಯಮ. ಇಂಥ ವಿಮಾನದ ಒಳಗೆ ಪ್ರಯಾಣಿಕರಿಗೆ ಕಾಣುವಂತೆ ಒಂದು ಫಲಕ ಹಾಕಲೇಬೇಕು. ಇದು ಹವ್ಯಾಸಿ ಕಟ್ಟಿದ ವಿಮಾನ, ಕಾರ್ಖಾನೆಯ ವಿಮಾನಗಳಿಗೆ ಇರುವ ಸುರಕ್ಷತಾ ನಿಯಮಗಳಿಗೆ ಇದು ಒಳಪಟ್ಟಿಲ್ಲ ಎಂಬುದು ಅದರ ಸಾರಾಂಶ. ಹತ್ತುವ ಮೊದಲೇ ಹೇಳಿಬಿಡುತ್ತಾರೆ, ಅದು ನನಗೆ ಇಷ್ಟವಾಯಿತು.

ನಾನು ಉದಾಹರಣೆಗೆ ತೆಗೆದುಕೊಂಡಿರುವ ವಿಮಾನದ ಹೆಸರು ಲಾಂಗ್-ಈಝೀ. ಇಂಗ್ಲಿಷಿನ ಇ ಮತ್ತು ಝಡ್ ಎಂಬ ಎರಡೇ ಅಕ್ಷರ ಬರೆಯುತ್ತಾರೆ. ಅಮೆರಿಕದವರು ಝಡ್ ಅನ್ನು ಝೀ ಎನ್ನುವುದರಿಂದ ಓದುವಾಗ 'ಈಝೀ', ಅಂದರೆ ಸುಲಭ ಎಂದಾಗುತ್ತದೆ. ಇದನ್ನು ವಿನ್ಯಾಸ ಮಾಡಿದವರು ಕ್ಯಾಲಿಫೋರ್ನಿಯಾದ ಮೊಹಾವೆ ಮರುಭೂಮಿಯಲ್ಲಿದ್ದ ಬರ್ಟ್ ರುಟಾನ್. ಇಂಧನ ತುಂಬಿಸಲು ಎಲ್ಲೂ ಇಳಿಯದೆ 1986ರಲ್ಲಿ ಭೂಮಿಯನ್ನು ಸುತ್ತಿದ ವಾಯೇಜರ್ ವಿಮಾನವೂ ಇವರದೇ ವಿನ್ಯಾಸ. ಲಾಂಗ್-ಈಝೀ ಮೊದಲ ಬಾರಿ ಹಾರಿದ್ದು 1979ರಲ್ಲಿ. ಇದರ ಚಿಕ್ಕ ರೆಕ್ಕೆ ಮುಂದೆ, ದೊಡ್ಡ ರೆಕ್ಕೆ ಹಿಂದೆ, ಎಂಜಿನ್ ಮತ್ತು ಪ್ರೊಪೆಲ್ಲರ್ ಎಲ್ಲಕ್ಕಿಂತ ಹಿಂದೆ. ಚಿತ್ರ ನೋಡಿದರೆ ಹಿಮ್ಮುಖವಾಗಿ ಹಾರುತ್ತಿದೆಯೋ ಎಂದು ಅನುಮಾನ ಬರುತ್ತದೆ. ಫೋಮಿನ ಮೇಲೆ ಗಾಜಿನ ನಾರಿನ ಬಟ್ಟೆ ಹಾಸಿ, ಎಪಾಕ್ಸಿ ಎಂಬ ಅಂಟು ಸವರಿ, ಒಣಗಿಸಿ ಇದನ್ನು ಕಟ್ಟುತ್ತಾರೆ. ನಮ್ಮ ಕರ್ನಾಟಕಕ್ಕೂ ಇದಕ್ಕೂ ನಂಟಿದೆ. ಬೆಂಗಳೂರಿನ ಎನ್.ಎ.ಎಲ್. ಪ್ರಯೋಗಾಲಯದವರು ಇದೇ ವಿನ್ಯಾಸವನ್ನು ಆಧರಿಸಿ ಎಲ್.ಸಿ.ಆರ್.ಎ. ಎಂಬ ಪುಟ್ಟ ಸಂಶೋಧನಾ ವಿಮಾನ ಕಟ್ಟಿದರು. 1987ರಲ್ಲಿ ಅದು ಹಾರಿತು.

ರುಟಾನ್ ಸಿದ್ಧ ವಿಮಾನವನ್ನು ಮಾರಲಿಲ್ಲ, ನಕ್ಷೆಗಳನ್ನು ಮಾರಿದರು. 1980ರಿಂದ 1985ರವರೆಗೆ ಮಾರಿ ನಿಲ್ಲಿಸಿದರು. ನಕ್ಷೆ ಕೊಂಡವರು ಎಪಾಕ್ಸಿ, ಫೋಮ್, ಚಕ್ರ, ಎಂಜಿನ್ ಎಲ್ಲವನ್ನೂ ಬೇರೆ ಬೇರೆ ಕಡೆಯಿಂದ ತಂದು ವರ್ಷಗಟ್ಟಲೆ ಕೂತು ಕಟ್ಟಿದರು. ಅಂದು ಕಟ್ಟಿದವರಲ್ಲಿ ಅನೇಕರಿಗೆ ಈಗ ವಯಸ್ಸಾಗಿದೆ. ಅವರ ವಿಮಾನಗಳು ಎರಡನೆಯವರ, ಮೂರನೆಯವರ ಕೈಗೆ ಹೋಗಿವೆ. ಬ್ರೇಕಿನ ಕಷ್ಟ ಶುರುವಾಗುವುದು ಇಲ್ಲಿಂದಲೇ.

ಕಾರ್ಖಾನೆಯಲ್ಲಿ ತಯಾರಾದ ಸೆಸ್ನಾ ವಿಮಾನವಾದರೆ ಯಾವ ಬ್ರೇಕ್, ಯಾವ ಎಣ್ಣೆ, ಯಾವ ರಬ್ಬರ್ ಎಂಬುದು ಕಂಪನಿಯ ಪುಸ್ತಕದಲ್ಲಿರುತ್ತದೆ. ಒಂದು ಮಾದರಿಯ ನೂರು ವಿಮಾನಗಳಿಗೂ ಅದೇ ಉತ್ತರ. ಮನೆಯಲ್ಲಿ ಕಟ್ಟಿದ ವಿಮಾನದಲ್ಲಿ ಹಾಗಲ್ಲ. ನಕ್ಷೆ ಒಂದೇ ಇದ್ದರೂ ಒಬ್ಬರು ಕ್ಲೀವ್‌ಲ್ಯಾಂಡ್ ಕಂಪನಿಯ ಬ್ರೇಕ್ ಹಾಕಿರುತ್ತಾರೆ, ಇನ್ನೊಬ್ಬರು ಮ್ಯಾಟ್ಕೋ ಕಂಪನಿಯದು. ಒಬ್ಬರು ವಿಮಾನದ ಹೈಡ್ರಾಲಿಕ್ ಎಣ್ಣೆ ತುಂಬಿರುತ್ತಾರೆ, ಮತ್ತೊಬ್ಬರು ಕಾರಿನ ಬ್ರೇಕ್ ಆಯಿಲ್. ಕಟ್ಟಿದವರಿಗೆ ಅದು ಗೊತ್ತಿತ್ತು, ಕೊಂಡವರಿಗೆ ಗೊತ್ತಿಲ್ಲ. ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಹೇಳುವುದಾದರೆ, ಓಪನಿಂಗ್ ಬ್ಯಾಲೆನ್ಸ್ ಗೊತ್ತಿಲ್ಲದೆ ನಡೆಯುತ್ತಿರುವ ಅಂಗಡಿಯನ್ನು ಕೊಂಡಂತೆ. ಲೈನರ್ ಬದಲಾಯಿಸುವುದು ಅರ್ಧ ದಿನದ ಕೆಲಸ. ಒಳಗೆ ಏನಿದೆ ಎಂದು ಖಚಿತ ಮಾಡಿಕೊಳ್ಳುವುದೇ ದೊಡ್ಡ ಕೆಲಸ.

ವಿಮಾನ ಹಾರುವುದಕ್ಕಲ್ಲವೇ ಇರುವುದು, ಬ್ರೇಕಿಗೆ ಯಾಕಿಷ್ಟು ಮಹತ್ವ ಎಂದು ನೀವು ಕೇಳಬಹುದು. ಲಾಂಗ್-ಈಝೀಯ ಮುಂದಿನ ಚಕ್ರ ನಮ್ಮ ಆಫೀಸ್ ಕುರ್ಚಿಯ ಗಾಲಿಯಂತೆ ತನಗೆ ಬೇಕಾದ ಕಡೆ ತಿರುಗುತ್ತದೆ. ಅದಕ್ಕೆ ಸ್ಟಿಯರಿಂಗ್ ಇಲ್ಲ. ನೆಲದ ಮೇಲೆ ನಿಧಾನವಾಗಿ ಓಡುವಾಗ ಎಡಕ್ಕೆ ಹೋಗಬೇಕೆಂದರೆ ಎಡಚಕ್ರದ ಬ್ರೇಕ್ ಹಿಡಿಯಬೇಕು, ಬಲಕ್ಕೆ ಹೋಗಬೇಕೆಂದರೆ ಬಲಚಕ್ರದ್ದು. ಕಾಲಿನ ಪೆಡಲ್ ಒತ್ತಿದರೆ ಮೊದಲು ರೆಕ್ಕೆಯ ತುದಿಯಲ್ಲಿರುವ ರಡ್ಡರ್ ಹೊರಕ್ಕೆ ತೆರೆದುಕೊಳ್ಳುತ್ತದೆ, ಇನ್ನೂ ಒತ್ತಿದರೆ ಅದೇ ಬದಿಯ ಬ್ರೇಕ್ ಹಿಡಿಯುತ್ತದೆ. ಅಂದರೆ ಒಂದು ಬದಿಯ ಬ್ರೇಕ್ ಕೈಕೊಟ್ಟರೆ ನಿಲ್ಲುವುದು ತಡವಾಗುವುದಷ್ಟೇ ಅಲ್ಲ, ವಿಮಾನ ಸೀದಾ ಹೋಗುವುದೇ ಇಲ್ಲ. ಒಳ್ಳೆಯ ಬ್ರೇಕ್ ಇರುವ ಕಡೆಗೆ ಎಳೆದುಕೊಂಡು ರನ್‌ವೇ ಬಿಟ್ಟು ಹುಲ್ಲಿಗೆ ಇಳಿಯುತ್ತದೆ.

ಇನ್ನೊಂದು ಕಾರಣ ವೇಗ. ಬೇರೆ ವಿಮಾನಗಳಲ್ಲಿ ಇಳಿಯುವಾಗ ರೆಕ್ಕೆಯ ಹಿಂಬದಿಯಲ್ಲಿ ಫ್ಲಾಪ್ ಬಿಡಿಸಿ ವೇಗ ಕಡಿಮೆ ಮಾಡುತ್ತಾರೆ. ಲಾಂಗ್-ಈಝೀಗೆ ಫ್ಲಾಪ್ ಇಲ್ಲ. ಹೊಟ್ಟೆಯ ಕೆಳಗೆ ಗಾಳಿಗೆ ಅಡ್ಡ ನಿಲ್ಲುವ ಒಂದು ಹಲಗೆ ಇದೆ, ಅಷ್ಟೆ. ಆದ್ದರಿಂದ ಅದು ಗಂಟೆಗೆ ನೂರು ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ನೆಲ ಮುಟ್ಟುತ್ತದೆ. ವಿಜ್ಞಾನ ವಿಭಾಗದ ಗೆಳೆಯನ ಹತ್ತಿರ ಲೆಕ್ಕ ಹಾಕಿಸಿದೆ. 550 ಕೆ.ಜಿ. ತೂಕದ ವಿಮಾನ ಗಂಟೆಗೆ 110 ಕಿ.ಮೀ. ವೇಗದಲ್ಲಿದ್ದರೆ ಅದರಲ್ಲಿರುವ ಚಲನಶಕ್ತಿ, ಸವಾರನೂ ಸೇರಿ 180 ಕೆ.ಜಿ. ತೂಗುವ ಸ್ಕೂಟರ್ 50 ಕಿ.ಮೀ. ವೇಗದಲ್ಲಿದ್ದಾಗ ಇರುವುದರ ಸುಮಾರು 15 ಪಟ್ಟು. ಗಾಳಿ ಒಂದಿಷ್ಟನ್ನು ತಡೆಯುತ್ತದೆ ನಿಜ. ಉಳಿದದ್ದನ್ನೆಲ್ಲ ಎರಡು ಪುಟ್ಟ ಡಿಸ್ಕುಗಳು ಬಿಸಿಯಾಗಿ ನುಂಗಬೇಕು. ಚಕ್ರದ ರಿಮ್ಮಿನ ಅಳತೆ ಬರೀ 5 ಇಂಚು!

ಕ್ಲೀವ್‌ಲ್ಯಾಂಡ್ ಮಾದರಿಯ ಬ್ರೇಕ್ ಹೇಗಿರುತ್ತದೆ ಎಂದು ಈಗ ನೋಡೋಣ. ಚಕ್ರದ ಜೊತೆ ಒಂದು ಉಕ್ಕಿನ ಡಿಸ್ಕ್ ತಿರುಗುತ್ತದೆ. ಅದನ್ನು ಎರಡೂ ಕಡೆಯಿಂದ ಹಿಡಿಯಲು ಒಂದು ಕ್ಯಾಲಿಪರ್. ಒಳಗಡೆ ಒಂದು ಪಿಸ್ಟನ್ ಇದೆ. ಪೆಡಲ್ ಒತ್ತಿದಾಗ ಎಣ್ಣೆಯ ಒತ್ತಡದಿಂದ ಪಿಸ್ಟನ್ ಹೊರಬಂದು ಒಳಬದಿಯ ಲೈನರನ್ನು ಡಿಸ್ಕಿಗೆ ತಳ್ಳುತ್ತದೆ. ಆಗ ಇಡೀ ಕ್ಯಾಲಿಪರ್ ತನ್ನ ಎರಡು ಪಿನ್ನುಗಳ ಮೇಲೆ ಜಾರಿ, ಹೊರಬದಿಯ ಲೈನರನ್ನೂ ಎಳೆದುಕೊಂಡು ಬರುತ್ತದೆ. ಡಿಸ್ಕ್ ನಡುವೆ ಸಿಕ್ಕಿಕೊಳ್ಳುತ್ತದೆ. ಬೈಕಿನ ಡಿಸ್ಕ್ ಬ್ರೇಕ್ ನೋಡಿದವರಿಗೆ ಇದು ಹೊಸದಲ್ಲ. ವ್ಯತ್ಯಾಸವೆಂದರೆ ಬೈಕಿನ ಪ್ಯಾಡ್ ಸವೆದರೆ ಪ್ಯಾಡನ್ನೇ ಎಸೆಯುತ್ತೇವೆ. ಇಲ್ಲಿ ಲೋಹದ ಪ್ಲೇಟನ್ನು ಉಳಿಸಿಕೊಂಡು ಲೈನರ್ ಮಾತ್ರ ಬದಲಾಯಿಸಿ ರಿವೆಟ್ ಹೊಡೆಯುತ್ತಾರೆ, ಲಾರಿಯ ಬ್ರೇಕ್ ಶೂ ಹಾಗೆ.

ಈಗ ಎಣ್ಣೆಯ ವಿಷಯ. ಇಡೀ ಲೇಖನದಲ್ಲಿ ಇದನ್ನೊಂದು ಗಮನವಿಟ್ಟು ಓದಿ. ಕಾರು, ಬೈಕುಗಳಿಗೆ ಹಾಕುವ ಡಾಟ್ 3, ಡಾಟ್ 4 ಬ್ರೇಕ್ ಆಯಿಲ್ ಹೆಸರಿಗೆ ಮಾತ್ರ ಆಯಿಲ್. ಅದು ಗ್ಲೈಕಾಲ್ ಜಾತಿಯ ದ್ರವ, ಪೆಟ್ರೋಲಿಯಂ ಎಣ್ಣೆಯಲ್ಲ. ಚಿಕ್ಕ ವಿಮಾನಗಳಲ್ಲಿ ಬಳಸುವುದು ಕೆಂಪು ಬಣ್ಣದ ಖನಿಜ ಎಣ್ಣೆ. ಅಮೆರಿಕದ ಸೇನೆ ಕೊಟ್ಟ 5606 ಎಂಬ ಸಂಖ್ಯೆಯಿಂದಲೇ ಅದನ್ನು ಕರೆಯುತ್ತಾರೆ. ಎರಡಕ್ಕೂ ಬೇಕಾದ ರಬ್ಬರ್ ಬೇರೆ ಬೇರೆ. ಗ್ಲೈಕಾಲಿಗೆ ಇ.ಪಿ.ಡಿ.ಎಂ. ಎಂಬ ರಬ್ಬರ್, ಕೆಂಪು ಎಣ್ಣೆಗೆ ನೈಟ್ರೈಲ್ ಎಂಬ ರಬ್ಬರ್. ಒಂದರ ಎಣ್ಣೆ ಇನ್ನೊಂದರ ರಬ್ಬರಿಗೆ ಬಿದ್ದರೆ ರಬ್ಬರ್ ಉಬ್ಬುತ್ತದೆ, ಮೆತ್ತಗಾಗುತ್ತದೆ, ಕೊನೆಗೆ ಹಾಳಾಗುತ್ತದೆ. ನೋಡಲು ಎರಡೂ ರಬ್ಬರ್ ಕಪ್ಪು. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ.

ಇದನ್ನು ನಾನು ಅಂಗಡಿಯಲ್ಲೇ ಕಂಡಿದ್ದೇನೆ. ಒಂದು ಹಳೆಯ ಗೂಡ್ಸ್ ಟೆಂಪೋದ ಬ್ರೇಕ್ ಆಯಿಲ್ ಡಬ್ಬಿಗೆ ಯಾರೋ ಪವರ್ ಸ್ಟಿಯರಿಂಗಿನ ಎಣ್ಣೆ ಸುರಿದಿದ್ದರು. ಗಾಡಿ ನಾಲ್ಕು ದಿನ ಚೆನ್ನಾಗಿಯೇ ಓಡಿತಂತೆ. ಐದನೆಯ ದಿನ ಬ್ರೇಕ್ ಹಿಡಿದದ್ದು ಬಿಡಲಿಲ್ಲ. ಚಾಚಾ ಮಾಸ್ಟರ್ ಸಿಲಿಂಡರ್ ಬಿಚ್ಚಿದರೆ ಒಳಗಿನ ವಾಷರುಗಳು ನೆನೆಸಿಟ್ಟ ಕಡಲೆಯಂತೆ ಉಬ್ಬಿದ್ದವು. ಎಣ್ಣೆ ವಾಪಸ್ ಹೋಗುವ ರಂಧ್ರ ಮುಚ್ಚಿಹೋಗಿತ್ತು. ನಾಲ್ಕೂ ಚಕ್ರದ ರಬ್ಬರ್ ಕಿಟ್, ಹೋಸ್ ಪೈಪ್ ಎಲ್ಲ ಎಸೆಯಬೇಕಾಯಿತು. "ರಬ್ಬರ್ ಕು ಪೂಛ್‌ಕೆ ತೇಲ್ ಡಾಲ್ನಾ ಬೇಟಾ" ಎಂದರು ಚಾಚಾ. ರಬ್ಬರನ್ನು ಕೇಳಿ ಎಣ್ಣೆ ಹಾಕಬೇಕು ಎಂದರ್ಥ. ಟೆಂಪೋ ಜಾಮ್ ಆದರೆ ರಸ್ತೆ ಬದಿಗೆ ನಿಲ್ಲುತ್ತದೆ. ರನ್‌ವೇ ಮೇಲೆ ಓಡುತ್ತಿರುವ ವಿಮಾನದ ಒಂದು ಬದಿ ಜಾಮ್ ಆದರೆ ಏನಾಗುತ್ತದೆ ಎಂದು ಮೇಲೆ ಬರೆದಿದ್ದೇನೆ.

ಹಾಗಾದರೆ ಹಳೆಯ ವಿಮಾನ ಕೊಂಡವರು ಒಳಗಿರುವುದು ಯಾವ ಎಣ್ಣೆ ಎಂದು ಹೇಗೆ ತಿಳಿಯಬೇಕು? ಮೊದಲು ವಿಮಾನದ ಲಾಗ್ ಪುಸ್ತಕ ಮತ್ತು ಕಟ್ಟಿದವರು ಬರೆದಿಟ್ಟ ಟಿಪ್ಪಣಿ ನೋಡಬೇಕು. ನಂತರ ಡಬ್ಬಿಯಿಂದ ಸ್ವಲ್ಪ ತೆಗೆದು ಬಣ್ಣ ನೋಡಬೇಕು. ಕೆಂಪಾಗಿದ್ದರೆ ಅದು ವಿಮಾನದ ಎಣ್ಣೆಯೇ ಇರುವ ಸಂಭವ ಹೆಚ್ಚು. ಆದರೆ ಹಳೆಯದಾದ ಮೇಲೆ ಎರಡೂ ಕಂದು ಬಣ್ಣಕ್ಕೆ ತಿರುಗಬಹುದು. ಆಗ ಒಂದು ಸುಲಭ ಪರೀಕ್ಷೆ ಇದೆ. ಒಂದು ಗಾಜಿನ ಲೋಟದಲ್ಲಿ ನೀರು ತೆಗೆದುಕೊಂಡು ಅದಕ್ಕೆ ನಾಲ್ಕು ಹನಿ ಹಾಕಬೇಕು. ಗ್ಲೈಕಾಲ್ ನೀರಿನಲ್ಲಿ ಬೆರೆತುಹೋಗುತ್ತದೆ. ಖನಿಜ ಎಣ್ಣೆ ಮೇಲೆ ತೇಲುತ್ತದೆ. ಇದನ್ನು ನಾನು ಅಂಗಡಿಯಲ್ಲಿ ಡಾಟ್ 3 ಮತ್ತು ಸ್ಟಿಯರಿಂಗ್ ಎಣ್ಣೆಯಿಂದ ಮಾಡಿ ನೋಡಿದೆ, ಒಂದೇ ನಿಮಿಷದಲ್ಲಿ ಗೊತ್ತಾಯಿತು. (ಲೋಟ ಅಡುಗೆಮನೆಯದಾಗಿರಬಾರದು. ಅಮ್ಮಿಯಿಂದ ಈ ಬಗ್ಗೆ ಪ್ರತ್ಯೇಕ ಸೂಚನೆ ಬಂದಿದೆ.)

ಎಣ್ಣೆ ಯಾವುದೆಂದು ತಿಳಿದರೂ ಅದಕ್ಕೆ ಸರಿಯಾದ ರಬ್ಬರೇ ಇದೆ ಎಂದು ಖಾತರಿಯಿಲ್ಲ. ದಾಖಲೆಯಲ್ಲಿ ರಬ್ಬರಿನ ಭಾಗಸಂಖ್ಯೆ ಬರೆದಿದ್ದರೆ ಸರಿ. ಬರೆದಿಲ್ಲದಿದ್ದರೆ ಎರಡು ದಾರಿ. ಸೋರುತ್ತಿಲ್ಲವಲ್ಲ ಎಂದು ಲೈನರ್ ಮಾತ್ರ ಬದಲಾಯಿಸಿ ಸುಮ್ಮನಿರುವುದು ಒಂದು. ಕ್ಯಾಲಿಪರಿನ ರಿಂಗ್, ಮಾಸ್ಟರ್ ಸಿಲಿಂಡರಿನ ಸೀಲ್, ಬಾಗುವ ಹೋಸುಗಳು ಎಲ್ಲವನ್ನೂ ತೆಗೆದು, ಪೈಪನ್ನು ತೊಳೆದು, ಒಂದೇ ಜಾತಿಯ ಎಣ್ಣೆ ಮತ್ತು ರಬ್ಬರಿನಿಂದ ಹೊಸದಾಗಿ ಶುರು ಮಾಡುವುದು ಇನ್ನೊಂದು. ಎರಡನೆಯದಕ್ಕೆ ಖರ್ಚು ಹೆಚ್ಚು, ಸಮಯವೂ ಹೆಚ್ಚು. ನನ್ನನ್ನು ಕೇಳಿದರೆ ಎರಡನೆಯದೇ ಸರಿ. ರಬ್ಬರ್ ರಿಂಗಿನ ಬೆಲೆ ಇಡೀ ವಿಮಾನದ ಬೆಲೆಯ ಮುಂದೆ ಲೆಕ್ಕಕ್ಕೇ ಬರುವುದಿಲ್ಲ.

ಎಣ್ಣೆಯ ಇನ್ನೊಂದು ಗುಣ ಬೆಂಕಿಗೆ ಸಂಬಂಧಿಸಿದ್ದು. 5606 ಎಣ್ಣೆ ಸುಮಾರು 82 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಆವಿಗೆ ಕಿಡಿ ತಗುಲಿ ಹೊತ್ತಿಕೊಳ್ಳಬಹುದು. ಚಹಾ ಕುದಿಯುವುದಕ್ಕಿಂತ ಕಡಿಮೆ ಬಿಸಿ ಅದು. ಕಾದ ಡಿಸ್ಕಿನ ಮೇಲೆ ಸೋರಿದರೆ ಹೇಗಿರಬಹುದು ಊಹಿಸಿ. ಅದಕ್ಕೇ ಈಗ ಅನೇಕರು 83282 ಎಂಬ ಸಂಖ್ಯೆಯ ಕೃತಕ ಎಣ್ಣೆಗೆ ಬದಲಾಗಿದ್ದಾರೆ. ಅದಕ್ಕೆ ಈ ಮಿತಿ 205 ಡಿಗ್ರಿ. ಅದೂ ಕೆಂಪು ಬಣ್ಣದ್ದೇ, 5606ರ ಜೊತೆ ಹೊಂದಿಕೊಳ್ಳುತ್ತದೆ, ರಬ್ಬರೂ ಅದೇ ಸಾಕು. ರಿಂಗುಗಳಲ್ಲಿಯೂ ನೈಟ್ರೈಲ್ ಬದಲು ವೈಟಾನ್ ಎಂಬುದನ್ನು ಹಾಕುವವರಿದ್ದಾರೆ. ನೈಟ್ರೈಲ್ ಪದೇ ಪದೇ ಕಾದರೆ ಗಟ್ಟಿಯಾಗಿ ಬಿರುಕು ಬಿಡುತ್ತದೆ, ವೈಟಾನ್ ಹೆಚ್ಚು ಬಿಸಿ ತಡೆಯುತ್ತದೆ.

ಬಿಸಿಯ ಮಾತು ಬಂದದ್ದರಿಂದ ಲಾಂಗ್-ಈಝೀಗೇ ವಿಶೇಷವಾದ ಒಂದು ಸಂಗತಿ ಹೇಳಬೇಕು. ಅದರ ಚಕ್ರದ ಕಾಲು ಲೋಹದ್ದಲ್ಲ, ಗಾಜಿನ ನಾರು ಮತ್ತು ಎಪಾಕ್ಸಿಯದು. ಎಪಾಕ್ಸಿ ಹೆಚ್ಚು ಕಾದರೆ ಮೆತ್ತಗಾಗುತ್ತದೆ. ಬ್ರೇಕ್ ಕೂತಿರುವುದು ಅದೇ ಕಾಲಿನ ತುದಿಯಲ್ಲಿ. ನೆಲದ ಮೇಲೆ ಓಡಿಸುವಾಗ ಬ್ರೇಕಿನಿಂದಲೇ ದಿಕ್ಕು ಬದಲಾಯಿಸುತ್ತಾ, ಎಂಜಿನ್ ವೇಗವನ್ನು ಹೆಚ್ಚಿಟ್ಟು ಬ್ರೇಕ್ ಒತ್ತಿಕೊಂಡೇ ಹೋಗುವ ಅಭ್ಯಾಸವಿದ್ದರೆ ಡಿಸ್ಕ್ ಕಾದು, ಕಾಲು ಮೆತ್ತಗಾಗಿ, ಚಕ್ರದ ನೇರ ತಪ್ಪುತ್ತದೆ. ಎಣ್ಣೆಯ ಪೈಪ್ ಕೂಡ ಮೊದಲ ನಕ್ಷೆಗಳಲ್ಲಿ ನೈಲಾನ್ ಜಾತಿಯ ಪ್ಲಾಸ್ಟಿಕ್‌ನದು. ಕ್ಯಾಲಿಪರಿನ ಹತ್ತಿರ ಅದು ಬಿಸಿಗೆ ಕರಗಿ ಸೋರಬಹುದು. ಆದ್ದರಿಂದ ಲೈನರ್ ಬದಲಾಯಿಸಲು ಕೂತವರು ಲೈನರ್ ಒಂದನ್ನೇ ನೋಡಬಾರದು. ಕಾಲಿನ ಬಣ್ಣ ಕಂದಾಗಿದೆಯೇ, ಬ್ರೇಕ್ ಪ್ಲೇಟಿನ ಬೋಲ್ಟುಗಳ ಸುತ್ತ ಎಪಾಕ್ಸಿ ತಗ್ಗಿದೆಯೇ, ಶಾಖ ತಡೆಯುವ ಹೊದಿಕೆ ಇದೆಯೇ ಎಂದು ನೋಡಬೇಕು. ಪೈಪಿನ ಕೊನೆಯ ಭಾಗ ಇನ್ನೂ ಪ್ಲಾಸ್ಟಿಕ್ ಇದ್ದರೆ ಅಲ್ಲಿ ಲೋಹದ ಪೈಪ್ ಅಥವಾ ಉಕ್ಕಿನ ಜಾಲರಿ ಹೊದಿಸಿದ ಟೆಫ್ಲಾನ್ ಹೋಸ್ ಹಾಕುವುದು ವಾಡಿಕೆ.

ಇನ್ನು ಕೈಕೆಲಸ. ಇದು ನಮ್ಮ ಚಾಚಾರ ಕ್ಷೇತ್ರ. ಚಕ್ರಗಳಿಗೆ ಅಡ್ಡ ಕಟ್ಟೆ ಇಡಬೇಕು. ಈ ಬ್ರೇಕಿನಲ್ಲಿ ಚಕ್ರ ಬಿಚ್ಚುವ ಅಗತ್ಯವೇ ಇಲ್ಲ. ಹೊರಗಿನ ಪ್ಲೇಟನ್ನು ಹಿಡಿದಿರುವ ಬೋಲ್ಟುಗಳನ್ನು ತೆಗೆದರೆ ಪ್ಲೇಟ್ ಕೈಗೆ ಬರುತ್ತದೆ, ಕ್ಯಾಲಿಪರ್ ಪಿನ್ನುಗಳ ಮೇಲೆ ಜಾರಿಕೊಂಡು ಹೊರಬರುತ್ತದೆ. ಆ ಹೊತ್ತಿನಲ್ಲಿ ಒಳಗೆ ಕೂತ ಯಾರೂ ಪೆಡಲ್ ಮುಟ್ಟಬಾರದು. ಮುಟ್ಟಿದರೆ ತಡೆಯಲು ಏನೂ ಇಲ್ಲದ ಪಿಸ್ಟನ್ ಹೊರಗೆ ಹಾರಿ ಎಣ್ಣೆಯೆಲ್ಲ ನೆಲಕ್ಕೆ. ಲೈನರಿನ ದೂಳನ್ನು ಗಾಳಿ ಹೊಡೆದು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಹಳೆಯ ಲೈನರುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ಇದನ್ನು ಓದಿದ ಮೇಲೆ ನಮ್ಮ ಅಂಗಡಿಯ ಹುಡುಗರಿಗೂ ಹೇಳಿದ್ದೇನೆ. ಒಬ್ಬರು ಕೇಳುತ್ತಾರೆ, ಇಬ್ಬರು ಕೇಳುವುದಿಲ್ಲ.

ಲೈನರಿನ ದಪ್ಪ ಒಂದು ಇಂಚಿನ ಹತ್ತನೇ ಒಂದು ಭಾಗಕ್ಕೆ, ಅಂದರೆ ಸುಮಾರು 2.5 ಮಿಲಿಮೀಟರಿಗೆ ಇಳಿದರೆ ಬದಲಾಯಿಸಬೇಕು ಎಂದು ಕೈಪಿಡಿ ಹೇಳುತ್ತದೆ. ಇನ್ನೂ ಸ್ವಲ್ಪ ಇದೆಯಲ್ಲ ಎಂದು ಬಿಡುವಂತಿಲ್ಲ. ಲೈನರಿನೊಳಗೆ ಕುಳಿಯಲ್ಲಿ ರಿವೆಟಿನ ತಲೆ ಅಡಗಿರುತ್ತದೆ. ಲೈನರ್ ಅಲ್ಲಿಯವರೆಗೆ ಸವೆದರೆ ರಿವೆಟ್ ತಲೆ ಡಿಸ್ಕಿಗೆ ಉಜ್ಜಿ ಗೀರು ಹಾಕುತ್ತದೆ. ನೂರು ರೂಪಾಯಿ ಉಳಿಸಲು ಹೋಗಿ ಸಾವಿರದ ಡಿಸ್ಕ್ ಕಳೆದುಕೊಂಡಂತೆ. ಡಿಸ್ಕಿನ ದಪ್ಪವನ್ನೂ ಅಳೆಯಬೇಕು, ತುಕ್ಕು ಹಿಡಿದು ಗುಳಿ ಬಿದ್ದಿದೆಯೇ ನೋಡಬೇಕು. ಹಾರದೆ ತಿಂಗಳುಗಟ್ಟಲೆ ನಿಂತ ವಿಮಾನಕ್ಕೆ ಈ ತುಕ್ಕಿನ ಕಾಟ ಹೆಚ್ಚು.

ಸಾಮಾನ್ಯ ಸೆಟ್ಟಿನಲ್ಲಿ ಒಂದು ಚಕ್ರಕ್ಕೆ ಎರಡು ಲೈನರ್, ಒಂದೊಂದಕ್ಕೆ ಎರಡು ರಿವೆಟ್. ಇಡೀ ವಿಮಾನಕ್ಕೆ ಎಂಟೇ ರಿವೆಟ್! ಲಾರಿಯ ಶೂಗಳನ್ನು ನೋಡಿದ ನನಗೆ ಇದು ನಗು ಬರುವಷ್ಟು ಕಡಿಮೆ. ಆದರೆ ಎಂಟಿರುವುದರಿಂದಲೇ ಒಂದೊಂದೂ ಸರಿಯಾಗಿರಬೇಕು. ಹಳೆಯ ರಿವೆಟನ್ನು ಅದರ ಸುರುಳಿಯಾದ ಬಾಲದ ಕಡೆಯಿಂದ ಡ್ರಿಲ್ ಮಾಡಿ, ಪಂಚಿನಿಂದ ಮೆಲ್ಲಗೆ ತಟ್ಟಿ ತೆಗೆಯುತ್ತಾರೆ. ಪ್ಲೇಟಿನ ತೂತು ದೊಡ್ಡದಾಗಬಾರದು. ಪ್ಲೇಟ್ ಸಪಾಟಾಗಿದೆಯೇ, ತುಕ್ಕಿನ ಚೂರು ಇದೆಯೇ ನೋಡಿ ಒರೆಸಿ, ಹೊಸ ಲೈನರ್ ಇಟ್ಟು ರಿವೆಟ್ ತೂರಿಸುತ್ತಾರೆ. ರಿವೆಟಿನ ಬಾಲ ಟೊಳ್ಳಾಗಿರುತ್ತದೆ. ಅದನ್ನು ಅಗಲಿಸಿ ಮಡಚಲು ಬೆಂಚಿಗೆ ಕಟ್ಟುವ ಒಂದು ಪುಟ್ಟ ಸಾಧನ ಸಿಗುತ್ತದೆ. "ಬಾಲ ಹೂವಿನಂತೆ ಸುತ್ತಲೂ ಸಮವಾಗಿ ಅರಳಬೇಕು, ಸೀಳಬಾರದು" ಎಂಬುದು ಚಾಚಾರ ಮಾತು. ವಿಮಾನದ ಕೈಪಿಡಿಯೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ, ಹೂವಿನ ಮಾತಿಲ್ಲ. ಹೊಡೆದ ಮೇಲೆ ಲೈನರನ್ನು ಬೆರಳಿನಿಂದ ಅಲುಗಿಸಿ ನೋಡಬೇಕು. ಅಲುಗಿದರೆ ಸಡಿಲ. ತೂತಿನ ಸುತ್ತ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಲೈನರ್ ಕಸದ ಬುಟ್ಟಿಗೆ, ಏಕೆಂದರೆ ಅಲ್ಲಿ ಹೆಚ್ಚು ಒತ್ತಿ ಹೊಡೆದಿದ್ದಾರೆ ಎಂದರ್ಥ.

ಪಿಸ್ಟನಿನ ರಿಂಗ್ ಬದಲಾಯಿಸುವಾಗ ಹೊಸ ರಿಂಗನ್ನು ಹಾಕಲಿರುವ ಅದೇ ಎಣ್ಣೆಯಲ್ಲಿ ಅದ್ದಿ, ತಿರುಚದೆ ಕೂರಿಸಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಅದೇ ಅಳತೆಯ ರಿಂಗ್ ಸಿಗಬಹುದು, ಅದು ಯಾವ ರಬ್ಬರ್ ಎಂದು ಯಾರೂ ಬರೆದಿರುವುದಿಲ್ಲ. ಕ್ಯಾಲಿಪರ್ ಜಾರುವ ಪಿನ್ನುಗಳಿಗೆ ಗ್ರೀಸ್ ಹಚ್ಚಬೇಕೆಂದು ಮನಸ್ಸಾಗುತ್ತದೆ, ಹಚ್ಚಬಾರದು. ಗ್ರೀಸಿಗೆ ಮಣ್ಣು ಅಂಟಿ ಪಿನ್ ಬಿಗಿಯಾಗುತ್ತದೆ. ಆಗ ಕ್ಯಾಲಿಪರ್ ಜಾರುವುದಿಲ್ಲ, ಒಂದೇ ಲೈನರ್ ಸವೆಯುತ್ತದೆ. ಒಣ ಲೂಬ್ರಿಕೆಂಟ್ ಮಾತ್ರ. ಬೋಲ್ಟುಗಳನ್ನು ಅಂದಾಜಿನಿಂದ ಬಿಗಿ ಮಾಡದೆ ಟಾರ್ಕ್ ವ್ರೆಂಚಿನಿಂದ ಹೇಳಿದಷ್ಟೇ ಬಿಗಿ ಮಾಡಿ, ಸಡಿಲವಾಗದಂತೆ ತಂತಿ ಕಟ್ಟುವ ಜಾಗವಿದ್ದರೆ ತಂತಿ ಕಟ್ಟುತ್ತಾರೆ.

ನಂತರ ಗಾಳಿ ತೆಗೆಯುವುದು. ನಮ್ಮಲ್ಲಿ ಒಬ್ಬ ಪೆಡಲ್ ತುಳಿಯುತ್ತಾನೆ, ಇನ್ನೊಬ್ಬ ಕೆಳಗೆ ನಿಪ್ಪಲ್ ಬಿಡಿಸುತ್ತಾನೆ, ಎಣ್ಣೆ ಮೇಲಿನಿಂದ ಕೆಳಕ್ಕೆ ಬರುತ್ತದೆ. ಚಿಕ್ಕ ವಿಮಾನಗಳಲ್ಲಿ ಬಹುಮಂದಿ ಇದನ್ನು ತಿರುವುಮುರುವು ಮಾಡುತ್ತಾರೆ. ಕ್ಯಾಲಿಪರಿನ ಕೆಳಗಿನ ನಿಪ್ಪಲಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಎಣ್ಣೆ ಡಬ್ಬಿಯಿಂದ ಕೆಳಗಿನಿಂದ ಮೇಲಕ್ಕೆ ಒತ್ತುತ್ತಾರೆ. ಗುಳ್ಳೆ ತಾನಾಗಿಯೇ ಮೇಲಕ್ಕೆ ಹೋಗುವ ವಸ್ತು, ಅದರ ದಾರಿಯಲ್ಲೇ ಕಳಿಸಿದರೆ ಬೇಗ ಹೋಗುತ್ತದೆ. ಮೇಲಿನ ಡಬ್ಬಿ ತುಂಬಿ ಹರಿಯದಂತೆ ಒಬ್ಬರು ನೋಡುತ್ತಿರಬೇಕು. ಕೊನೆಗೆ ಪೆಡಲ್ ಒತ್ತಿದರೆ ಕಲ್ಲಿನಂತೆ ಗಟ್ಟಿಯಾಗಿರಬೇಕು. ಸ್ಪಂಜಿನಂತೆ ಒಳಗೆ ಹೋದರೆ ಗಾಳಿ ಇನ್ನೂ ಇದೆ. ಎಣ್ಣೆಯನ್ನು ಒತ್ತಿ ಕುಗ್ಗಿಸಲಾಗದು, ಗಾಳಿಯನ್ನು ಕುಗ್ಗಿಸಬಹುದು.

ಹೊಸ ಲೈನರ್ ಹಾಕಿದ ಕೂಡಲೇ ಹಾರುವಂತಿಲ್ಲ. ಸಾಮಾನ್ಯ ಲೈನರಿನಲ್ಲಿ ರಾಳದಂಥ ಅಂಟು ಇರುತ್ತದೆ. ಅದು ಒಮ್ಮೆ ಹದವಾಗಿ ಕಾದು ಮೇಲ್ಮೈ ಮಾಗಬೇಕು. ಇದಕ್ಕೆ ತಯಾರಕರು ಹೇಳುವ ಕ್ರಮ ಹೀಗಿದೆ: ಎಂಜಿನನ್ನು ನಿಮಿಷಕ್ಕೆ ಸುಮಾರು 1700 ಸುತ್ತಿನಲ್ಲಿಟ್ಟು, ಬ್ರೇಕ್ ಒತ್ತಿಕೊಂಡು ಗಂಟೆಗೆ 5ರಿಂದ 10 ಮೈಲಿ ವೇಗದಲ್ಲಿ 1500 ಅಡಿ ಓಡಿಸಬೇಕು. ಆಮೇಲೆ 10ರಿಂದ 15 ನಿಮಿಷ ಆರಲು ಬಿಡಬೇಕು. ನಂತರ ಬ್ರೇಕ್ ಹಿಡಿದು ಎಂಜಿನನ್ನು ಜೋರು ಮಾಡಿದಾಗ ವಿಮಾನ ನಿಂತಲ್ಲೇ ನಿಂತರೆ ಲೈನರ್ ಹದಕ್ಕೆ ಬಂದಿದೆ. ಜಾರಿದರೆ ಮತ್ತೊಮ್ಮೆ ಮಾಡಬೇಕು. ಚಾಚಾ ಲಾರಿಯವರಿಗೆ "ಮೊದಲ ದಿನ ಲೋಡ್ ಹಾಕಬೇಡಿ" ಎನ್ನುವುದಕ್ಕೂ ಇದಕ್ಕೂ ಕಾರಣ ಒಂದೇ.

ಈ ಕೆಲಸವನ್ನು ಯಾರು ಮಾಡಬಹುದು ಎಂಬ ಪ್ರಶ್ನೆಗೆ ಅಲ್ಲಿನ ಕಾನೂನಿನ ಉತ್ತರ ವಿಚಿತ್ರ. ಮನೆಯಲ್ಲಿ ಕಟ್ಟಿದ ವಿಮಾನದ ರಿಪೇರಿಯನ್ನು ಮಾಲೀಕರೇ ಮಾಡಬಹುದು, ಲೈಸೆನ್ಸ್ ಬೇಡ. ಆದರೆ 12 ತಿಂಗಳಿಗೊಮ್ಮೆ ಇಡೀ ವಿಮಾನದ ತಪಾಸಣೆ ಆಗಲೇಬೇಕು. ಅದಕ್ಕೆ ಸಹಿ ಹಾಕುವ ಹಕ್ಕು ಲೈಸೆನ್ಸ್ ಇರುವ ಮೆಕ್ಯಾನಿಕ್‌ಗೆ, ಅಥವಾ ಆ ವಿಮಾನವನ್ನು ಕಟ್ಟಿ ಅದಕ್ಕಾಗಿ ಪ್ರಮಾಣಪತ್ರ ಪಡೆದವರಿಗೆ ಇದೆ. ವಿಮಾನ ಮಾರಿದರೆ ಆ ಪ್ರಮಾಣಪತ್ರ ಕೊಂಡವರಿಗೆ ಹೋಗುವುದಿಲ್ಲ. ಕಟ್ಟಿದವರ ತಲೆಯಲ್ಲಿದ್ದ ಜ್ಞಾನ ವಿಮಾನದ ಜೊತೆ ಮಾರಾಟವಾಗುವುದಿಲ್ಲ ಎಂಬುದು ಕಾನೂನು ಮಾಡಿದವರಿಗೂ ಗೊತ್ತಿತ್ತು ಎಂದು ನನಗನಿಸುತ್ತದೆ.

ಹಾಗಾಗಿ ಕೊನೆಯ ಕೆಲಸ ಬರವಣಿಗೆಯದು. ಲಾಗ್ ಪುಸ್ತಕದಲ್ಲಿ ದಿನಾಂಕ, ವಿಮಾನ ಒಟ್ಟು ಹಾರಿದ ಗಂಟೆ, ಲೈನರ್ ಮತ್ತು ರಿಂಗಿನ ಭಾಗಸಂಖ್ಯೆ, ಯಾವ ರಬ್ಬರ್, ಯಾವ ಎಣ್ಣೆ, ಮಾಡಿದವರ ಹೆಸರು ಮತ್ತು ಸಹಿ ಇರಬೇಕು. ನಮ್ಮ ವೋಚರಿನಂತೆಯೇ, ಒಂದು ಸಾಲು ಬಿಟ್ಟರೂ ಮುಂದಿನವರಿಗೆ ಲೆಕ್ಕ ತಾಳೆಯಾಗುವುದಿಲ್ಲ. ಎಣ್ಣೆ ಡಬ್ಬಿಯ ಮುಚ್ಚಳದ ಮೇಲೂ ಎಣ್ಣೆಯ ಸಂಖ್ಯೆಯನ್ನು ಅಳಿಸಲಾಗದಂತೆ ಬರೆಯುತ್ತಾರೆ. ರಾತ್ರಿ ಎರಡೂ ಚಕ್ರದ ಕೆಳಗೆ ಬಿಳಿ ಕಾಗದ ಹಾಸಿಡಬೇಕು. ಬೆಳಿಗ್ಗೆ ಅದರ ಮೇಲೆ ಕೆಂಪು ಕಲೆ ಇಲ್ಲದಿದ್ದರೆ ಚಕ್ರದ ಕವರ್ ಹಾಕಿ ಸ್ಕ್ರೂ ಬಿಗಿ ಮಾಡಬಹುದು.